ಗದ್ದಲ ಮಾಡಬಹುದಾದ ಆಟ

ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ ಒಂದೇ. ಕತ್ತಲಲ್ಲಿ ಜನರಿಗೆ ಅವರವರ ಸೀಟು ತೋರಿಸುವುದು, ಆಮೇಲೆ ಅವರನ್ನು ಸುಮ್ಮನಿರಿಸುವುದು. ಆ ನಾಟಕಮಂದಿರದಲ್ಲಿ ಎಲ್ಲರೂ ಅವಳನ್ನು ಬ್ಯಾಟರಿ ಅಕ್ಕ ಅಂತಲೇ ಕರೆಯುತ್ತಿದ್ದರು. ಎಲ್ಲಾದರೂ ಫೋನು ಬೆಳಗಿದರೆ, ಪ್ಲಾಸ್ಟಿಕ್ ಪೊಟ್ಟಣ ಪರಪರ ಅಂದರೆ, ಯಾರಾದರೂ ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟಿದರೆ, ಅವಳ ಬ್ಯಾಟರಿಯ ಸಣ್ಣ ಬೆಳಕು ಹೋಗಿ ಅವರ ಮೊಣಕಾಲ ಮೇಲೆ ಕೂರುತ್ತಿತ್ತು. ಮುಖಕ್ಕೆ ಬಿಡುವುದು ಮರ್ಯಾದೆಯಲ್ಲ, ಮೊಣಕಾಲು ಸಾಕು ಅನ್ನುವುದು ಅವಳ ಲೆಕ್ಕ. ಕೆಮ್ಮುವವರಿಗೆಂದು ಜೇಬಿನಲ್ಲಿ ಪೆಪ್ಪರಮಿಂಟು ಇರುತ್ತಿತ್ತು. ಮುಂದಿನ ಸೀಟಿಗೆ ಕಾಲು ಒತ್ತುವವರಿಗೆ ಒಂದು ನೋಟ. ನಾಟಕವನ್ನು ಮಾತ್ರ ಅವಳು ನೆಟ್ಟಗೆ ನೋಡಿದವಳಲ್ಲ. ಬೆನ್ನು ರಂಗದ ಕಡೆಗೆ, ಕಣ್ಣು ಜನರ ಕಡೆಗೆ.

ಅಂಥವಳನ್ನು ಒಂದು ದಿನ ಮ್ಯಾನೇಜರು ಕರೆದು, "ಅಕ್ಕಾ, ಬರೋ ಭಾನುವಾರ ಮಧ್ಯಾಹ್ನದ ಆಟದಲ್ಲಿ ಯಾರಿಗೂ ಸುಮ್ಮನಿರಿ ಅನ್ನಬೇಡಿ" ಅಂದರು.

"ಯಾರಿಗೂನಾ?"

"ಯಾರಿಗೂ. ಮಾತಾಡಲಿ, ಎದ್ದು ಓಡಾಡಲಿ. ಲೈಟೂ ಪೂರ್ತಿ ಆರಿಸಲ್ಲ, ಬಾಗಿಲೂ ಹಾಕಲ್ಲ. ಒಂದು ಕಡೆ ಕೂರೋಕಾಗದ ಮಕ್ಕಳು, ಮರೆವಿನ ಮುದುಕರು, ತಡೆಯೋಕಾಗದೆ ಕೂಗಿಬಿಡೋರು, ಇವರೆಲ್ಲ ನಾಟಕ ನೋಡೋದು ಯಾವಾಗ ಹೇಳಿ?"

"ಹಾಗಾದ್ರೆ ನಾನೇನು ಮಾಡ್ಲಿ ಸಾರ್?"

ಮ್ಯಾನೇಜರು ತಲೆ ಕೆರೆದುಕೊಂಡರು. "ನೀವಾ? ನೀವು ಸುಮ್ಮನಿರಿ."

ಮನೆಗೆ ಬಂದು ಹೇಳಿದರೆ ಮಗಳು ಹಿಡಿದ ಹಟ ಬಿಡಲಿಲ್ಲ. "ಹಾಗಾದ್ರೆ ಅಜ್ಜೀನ ಕರ್ಕೊಂಡು ಹೋಗಮ್ಮ!" ಅಜ್ಜಿ ಅಂದರೆ ಬ್ಯಾಟರಿ ಅಕ್ಕನ ಅತ್ತೆ. ಕಿವಿ ಮಂದ. ಅವರು ಗುಟ್ಟು ಹೇಳಿದರೆ ಬೀದಿಯ ಕೊನೆಯ ಮನೆಗೂ ಸುದ್ದಿ ಮುಟ್ಟುತ್ತಿತ್ತು. ವರ್ಷಕ್ಕೆರಡು ಸಲ ಬರುವ ಪುಕ್ಕಟೆ ಪಾಸುಗಳನ್ನು ಸೊಸೆ ನೆರೆಯವರಿಗೇ ಕೊಟ್ಟುಬಿಡುತ್ತಿದ್ದಳು. ಅತ್ತೆ ಬಂದು, ಮಾತಾಡಿ, ಕೊನೆಗೆ ತಾನೇ ಅವರನ್ನು ಹೊರಗೆ ಕಳಿಸಬೇಕಾಗಿ ಬಂದರೆ ಅನ್ನುವ ಹೆದರಿಕೆ.

ವಿಷಯ ತಿಳಿಸಿದಾಗ ಅತ್ತೆ ತರಕಾರಿ ಹೆಚ್ಚುವುದನ್ನು ನಿಲ್ಲಿಸಿದರು. "ನನ್ನನ್ನ ನಾಲ್ಕು ಜನರ ಮುಂದೆ ಕರ್ಕೊಂಡು ಹೋಗೋಕೆ ನಿನಗೆ ನಾಚಿಕೆ ಅಂದ್ಕೊಂಡಿದ್ದೆ ಕಣೇ" ಅಂದರು.

ಇಷ್ಟು ವರ್ಷ ಒಂದೇ ಒಲೆಯ ಮುಂದೆ ನಿಂತವರು. ನಾಚಿಕೆಯೇ ಇತ್ತೋ ಏನೋ ಅಂತ ಸೊಸೆಗೂ ಅನ್ನಿಸಿತು.

ಭಾನುವಾರ ಅತ್ತೆ ಪೆಟ್ಟಿಗೆಯ ತಳದಲ್ಲಿದ್ದ ಸೀರೆ ತೆಗೆದು ಉಟ್ಟು, ಎರಡನೇ ಸಾಲಿನ ಅಂಚಿನ ಸೀಟಿನಲ್ಲಿ ರಾಣಿಯ ಹಾಗೆ ಕೂತರು. ನಾಟಕ ಇಬ್ಬರು ಅಕ್ಕತಂಗಿಯರದು. ಹೊಲಿಗೆ ಅಂಗಡಿ ನಡೆಸುವ ಅಕ್ಕನಿಗೆ ಒಂದು ಕಾಗದ ಬರುತ್ತದೆ. ಅವಳು ಅದನ್ನು ಓದಿ, ಅಳುತ್ತಾ ಬಚ್ಚಿಡುತ್ತಾಳೆ.

"ಕಾಗದದಲ್ಲಿ ಏನಿದೆಯಂತೇ?" ಅತ್ತೆ ಕೂಗಿದರು.

ಬ್ಯಾಟರಿ ಅಕ್ಕನ ಕೈ ತಾನಾಗಿ ಜೇಬಿನ ಬ್ಯಾಟರಿಗೆ ಹೋಯಿತು. ಹೋದ ಕೈಯನ್ನು ಅವಳೇ ಹಿಂದಕ್ಕೆಳೆದಳು. ಅಷ್ಟರಲ್ಲಿ ಒಂದು ಪುಟ್ಟ ಹುಡುಗಿ ಸಾಲುಗಳ ನಡುವೆ ಚಪ್ಪಾಳೆ ತಟ್ಟುತ್ತಾ ಓಡಿದಳು. ಹಿಂದೆ ಯಾರೋ ಒಂದೇ ಸಮನೆ ಗುನುಗುತ್ತಿದ್ದರು. ರಂಗದ ಮೇಲಿನವಳು ಒಂದು ಗಳಿಗೆ ತಡೆದು, ಕಾಗದವನ್ನು ಎದೆಗೊತ್ತಿಕೊಂಡು, ಅತ್ತೆಯ ಕಡೆ ತಿರುಗಿ, ಇಲ್ಲ ಅನ್ನುವಂತೆ ತಲೆಯಾಡಿಸಿದಳು. ಅದು ನಾಟಕದಲ್ಲಿದ್ದದ್ದೋ ಈಗ ಸೇರಿಸಿದ್ದೋ, ಹನ್ನೊಂದು ಸಲ ಅದೇ ನಾಟಕಕ್ಕೆ ಬಾಗಿಲು ಕಾದವಳಿಗೂ ಗೊತ್ತಾಗಲಿಲ್ಲ.

ಆಗ ಆರನೇ ಸಾಲಿನಿಂದ ಒಬ್ಬ ಹಿರಿಯರು ಕೈಬೀಸಿ ಕರೆದರು. ಅವರ ಎರಡೂ ಕಿವಿಯಲ್ಲಿ ಯಂತ್ರವಿತ್ತು, ಹಣೆಯಲ್ಲಿ ಬೆವರಿತ್ತು.

"ನೀವು ಇಲ್ಲಿನವರಲ್ವಾ? ಅವರನ್ನೆಲ್ಲ ಸ್ವಲ್ಪ ಸುಮ್ಮನಿರಿಸಿ. ಈ ಯಂತ್ರ ಎಲ್ಲ ಸದ್ದನ್ನೂ ಒಟ್ಟಿಗೆ ತಂದು ತಲೆಗೆ ಸುರೀತಿದೆ. ಒಂದು ಮಾತೂ ತಿಳೀತಿಲ್ಲ. ಅದರಲ್ಲೂ ಆ ಮುಂದಿನ ಅಜ್ಜಿ!"

"ಇವತ್ತಿನ ಆಟವೇ ಹಾಗೆ ಸಾರ್. ಬೋರ್ಡಿನಲ್ಲಿ ಬರೆದಿದೆ."

"ಯಾವ ಬೋರ್ಡು? ಟಿಕೆಟ್ಟು ತಂದುಕೊಟ್ಟದ್ದು ನನ್ನ ತಂಗಿ." ಅವರ ದನಿ ಜೋರಾಗಲಿಲ್ಲ, ಇಳಿಯಿತು. "ಆ ಅಜ್ಜಿಯಂಥ ಕಿವಿ ಕೇಳದವರಿಗಾಗಿ ಅಲ್ವೇನಮ್ಮ ಈ ಏರ್ಪಾಡು? ನನಗೂ ಕೇಳಲ್ಲ. ನಾನು ಯಾವ ಆಟಕ್ಕೆ ಬರಲಿ ಹೇಳು?"

ಮಿಕ್ಕ ದಿನಗಳಲ್ಲಿ ಬ್ಯಾಟರಿ ಅಕ್ಕ ಇಂಥವರ ಪರ ನಿಂತು ಅತ್ತೆಯಂಥವರನ್ನು ಎಬ್ಬಿಸಿದ್ದಳು. ಇವತ್ತು ಅತ್ತೆಯ ಪರ ನಿಂತು ಇವರನ್ನು ಎಬ್ಬಿಸಬೇಕೆ? ಮ್ಯಾನೇಜರು ಟಿಕೆಟ್ ಕಿಟಕಿಯ ಹತ್ತಿರ ಎಲ್ಲೋ ಇದ್ದರು. ಕೇಳಲು ಹೋದರೆ ಅಂಕವೇ ಮುಗಿದೀತು. ಅವಳು ಸಾಲಿನ ಕೊನೆಯಲ್ಲಿ ಅತ್ತ ಎರಡು ಹೆಜ್ಜೆ, ಇತ್ತ ಎರಡು ಹೆಜ್ಜೆ ಹಾಕಿದಳು. ಆಮೇಲೆ, "ಬನ್ನಿ ಸಾರ್" ಅಂದವಳೇ ಅವರ ಕೈಹಿಡಿದು ಹಿಂದಿನ ಮೆಟ್ಟಿಲು ಹತ್ತಿಸಿ ಲೈಟಿನವನ ಕೋಣೆಗೆ ಕರೆದುಕೊಂಡು ಹೋದಳು. ಗಾಜಿನ ಕಿಟಕಿ, ಇಕ್ಕಟ್ಟಾದ ಜಾಗ, ರಂಗದ ಮಾತಷ್ಟೇ ಬರುವ ಸಣ್ಣ ಸ್ಪೀಕರು. ಹೊರಗಿನವರನ್ನು ಒಳಗೆ ಬಿಡುವ ಹಾಗಿರಲಿಲ್ಲ. ಲೈಟಿನವನು ಹುಬ್ಬು ಗಂಟಿಕ್ಕಿದ. ಆದರೂ ತನ್ನ ಸ್ಟೂಲು ಬಿಟ್ಟು ಎದ್ದು ನಿಂತ.

ಹಿರಿಯರು ಸ್ಪೀಕರಿಗೆ ತಲೆ ವಾಲಿಸಿ ಕೂತರು. ಸ್ವಲ್ಪ ಹೊತ್ತಿಗೆ ಅವರ ಹಣೆಯ ಗೆರೆ ಸಡಿಲವಾಯಿತು. "ಕೇಳ್ತಿದೆ" ಅಂದರು. ಗಾಜಿನಾಚೆ, ಕೆಳಗೆ, ಅತ್ತೆ ಎದ್ದು ನಿಂತು ರಂಗದವಳಿಗೆ ಕೈಸನ್ನೆಯಲ್ಲಿ ಏನೋ ಬುದ್ಧಿ ಹೇಳುತ್ತಿದ್ದದ್ದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ನಗಬೇಕೋ ತಲೆ ತಗ್ಗಿಸಬೇಕೋ ತಿಳಿಯದೆ ಬ್ಯಾಟರಿ ಅಕ್ಕ ಅಲ್ಲೇ ನಿಂತಳು.

ಮನೆಗೆ ಮರಳುವ ಬಸ್ಸಿನಲ್ಲಿ ಅತ್ತೆಯ ಬಾಯಿಗೆ ಬಿಡುವೇ ಇಲ್ಲ. "ಆ ಕಾಗದ ಅವಳ ಮಗಳದೇ. ಓಡಿಹೋದವಳು ಬರೆದದ್ದು."

"ಮಗಳು ಇದ್ದಳಾ ಅತ್ತೆ ಅವಳಿಗೆ?"

"ಇಲ್ಲದೆ? ಅಷ್ಟು ಅಳು ಸುಮ್ಮನೆ ಬರುತ್ತಾ? ನೀನು ಅಲ್ಲೇ ಇದ್ದು ಏನು ನೋಡಿದೆಯೋ!"

ನಾಟಕ ನೋಡಿದ್ದರೆ ತಾನೆ ಇಲ್ಲ ಅನ್ನುವುದು! ಅವಳು ಸುಮ್ಮನೆ ಹೂಂಗುಟ್ಟಿದಳು.

ಮಂಗಳವಾರ ಮ್ಯಾನೇಜರು ಕೇಳಿದರು, "ಹೇಗಿತ್ತಕ್ಕಾ ನಿಮ್ಮ ಪ್ರಕಾರ? ಮುಂದುವರಿಸೋಣವಾ?"

"ಗೊತ್ತಾಗಲಿಲ್ಲ ಸಾರ್. ಒಬ್ಬರಿಗೆ ಆರಾಮ ಮಾಡೋಕೆ ಹೋದ್ರೆ ಇನ್ನೊಬ್ಬರಿಗೆ ಇರಸುಮುರಸು. ಯಾರು ಸರಿ ಅಂತ ಈಗಲೂ ಹೇಳಲಾರೆ." ಸ್ವಲ್ಪ ಯೋಚಿಸಿ ಮತ್ತೆ ಅಂದಳು, "ಆದ್ರೆ ನಿಲ್ಲಿಸಬೇಡಿ. ಟಿಕೆಟ್ ಕೊಡೋವಾಗಲೇ ಬಾಯಿಬಿಟ್ಟು ಹೇಳಿಸಿ, ಬೋರ್ಡು ಯಾರೂ ಓದಲ್ಲ. ಲೈಟಿನವರ ಕೋಣೇಲಿ ಎರಡು ಕುರ್ಚಿ ಹಾಕಿಸಿ."

"ಲೈಟಿನವನು ಒಪ್ಪಬೇಕಲ್ಲ?"

"ಒಪ್ಪಲ್ಲ ಸಾರ್. ನೀವೇ ಹೇಳಿ."

ಮ್ಯಾನೇಜರು ನಕ್ಕು ಚೀಟಿಯಲ್ಲಿ ಬರೆದುಕೊಂಡರು. ತಿಂಗಳೊಳಗೆ ಒಂದು ಕುರ್ಚಿ ಬಂತು. ಇನ್ನೊಂದಕ್ಕೆ ಜಾಗವಿರಲಿಲ್ಲ.