ನೀರು ಗುಂಡಗಿರುವ ತನಕ

ಕಾರಿನ ಬಿಡಿ ಸಾಮಾನು ಮಾರುವ ಆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಮೇಣದಕ್ಕ ಎಂದೇ ಕರೆಯುತ್ತಿದ್ದರು. ಸೀಟಿನ ಹೊದಿಕೆ, ಕನ್ನಡಿ, ಹಾರ್ನ್ ಎಲ್ಲ ಮುಂಭಾಗದಲ್ಲಿ. ಕಾರಿನ ಬಣ್ಣಕ್ಕೆ ಹಚ್ಚುವ ಮೇಣ, ಒರೆಸುವ ಬಟ್ಟೆ, ಸ್ಪಂಜುಗಳ ಕೌಂಟರು ಹಿಂದಿನ ಮೂಲೆಯಲ್ಲಿ, ಹಗಲಲ್ಲೂ ಟ್ಯೂಬ್‌ಲೈಟ್ ಉರಿಯುವ ಕಡೆ. ಅವಳು ಕೆಲಸಕ್ಕೆ ಸೇರಿದಾಗ ಈಗಿನ ಯಜಮಾನ ಅದೇ ಕೌಂಟರಿನ ಕೆಳಗೆ ಆಟಿಕೆ ಕಾರು ಓಡಿಸುತ್ತಿದ್ದ. ಅವನಿಗೆ ಅವಳು ಇಂದಿಗೂ ಅಕ್ಕ. ಅವಳಿಗೆ ಅವನು ಸಂಬಳ ಕೊಡುವ ಹುಡುಗ.

ಅವಳಿಗೆ ಸ್ವಂತ ಕಾರು ಇರಲಿಲ್ಲ; ಓಡಿಸಲೂ ಬರುತ್ತಿರಲಿಲ್ಲ. ಆದರೆ ಅಂಗಡಿಯ ಹಿತ್ತಲಲ್ಲಿ, ಬಿಸಿಲು ಬೀಳುವ ಕಡೆ, ಗುಜರಿಯಿಂದ ತಂದ ಒಂದು ಬಾನೆಟ್ಟನ್ನು ಇಟ್ಟಿಗೆಗಳ ಮೇಲೆ ಮಲಗಿಸಿಕೊಂಡಿದ್ದಳು. ಅದಕ್ಕೆ ಟೇಪು ಅಂಟಿಸಿ ಚೌಕ ಮಾಡಿ, ಒಂದೊಂದು ಚೌಕಕ್ಕೆ ಒಂದೊಂದು ಬಗೆಯ ಮೇಣ ಹಚ್ಚಿದ್ದಳು. ಬೆಳಿಗ್ಗೆ ಬಂದವಳು ಚೀಲ ಇಡುವ ಮೊದಲು ಅದರ ಮೇಲೆ ನೀರು ಚಿಮುಕಿಸಿ ನೋಡುವಳು. ಮೇಣ ಇನ್ನೂ ಇರುವ ಕಡೆ ನೀರು ಗುಂಡು ಗುಂಡು ಹನಿಯಾಗಿ ನಿಲ್ಲುತ್ತದೆ. ಹೋದ ಕಡೆ ಹರಡಿಕೊಂಡು ತಗಡಿಗೆ ಅಂಟುತ್ತದೆ. ಡಬ್ಬಿಯ ಮೇಲೆ ಏನೇ ಅಚ್ಚು ಹಾಕಿರಲಿ, ಅವಳು ನಂಬುತ್ತಿದ್ದದ್ದು ಈ ಬಾನೆಟ್ಟನ್ನು.

ಗಿರಾಕಿ ಬಂದರೆ ಅವಳು ಮೊದಲು ಕೇಳುತ್ತಿದ್ದದ್ದು, "ಗಾಡಿ ರಾತ್ರಿ ಎಲ್ಲಿ ಮಲಗುತ್ತೆ?" ಬಣ್ಣ ಯಾವುದು, ಕೈಯಾಡಿಸಿದರೆ ನುಣುಪೋ ತರಿತರಿಯೋ, ಉಜ್ಜುವವರು ಯಾರು ಎಂಬುದೆಲ್ಲ ಆಮೇಲೆ.

ಹಲ್ಲಿನ ಯಜಮಾನರು ಎಂದು ಅವಳು ಕರೆಯುತ್ತಿದ್ದ ಗಿರಾಕಿ ಮೊದಲ ಸಲ ಬಂದಾಗಲೂ ಇದನ್ನೇ ಕೇಳಿದ್ದಳು.

"ನನಗಿಂತ ಸುಖವಾಗಿ ಮಲಗುತ್ತಮ್ಮ," ಎಂದಿದ್ದರು ಅವರು. "ಅದಕ್ಕೆ ಒಂದು ಶೆಡ್ಡೇ ಇದೆ. ನನಗಿರೋದು ಮೇಲ್ಗಡೆ ಒಂದು ರೂಮು."

ಅವರು ಕಟ್ಟುಹಲ್ಲು ತಯಾರಿಸುತ್ತಿದ್ದವರು. ಕಣ್ಣು ಮಂಜಾಗತೊಡಗಿದ ಮೇಲೆ ಕೆಲಸ ಬಿಟ್ಟು, ಇದ್ದ ಉಳಿತಾಯದಲ್ಲಿ ಯಾರೋ ಬಳಸಿದ ಕಡುನೀಲಿ ಕಾರೊಂದನ್ನು ಕೊಂಡಿದ್ದರು. ಹೋಗಬೇಕಾದ ಊರಾಗಲಿ, ಕರೆದೊಯ್ಯಬೇಕಾದ ಜನರಾಗಲಿ ಅವರಿಗಿರಲಿಲ್ಲ. ಭಾನುವಾರ ಶೆಡ್ಡಿನ ಬಾಗಿಲು ತೆಗೆದು ಕಾರಿಗೆ ಮೇಣ ತಿಕ್ಕುವರು. ಅಷ್ಟೇ.

ಗಾಢ ಬಣ್ಣದ ಕಾರು, ನೆರಳಿನಲ್ಲಿ ನಿಲ್ಲುವುದು, ಉಜ್ಜುವ ಮನುಷ್ಯನಿಗೆ ಬಿಡುವಿದೆ. ಅವಳು ಹಳದಿ ಡಬ್ಬಿ ಕೊಟ್ಟಳು. ಅದು ಎಲೆಯಿಂದ ತೆಗೆದ ಮೇಣ. ಬಣ್ಣಕ್ಕೆ ಕೊಳದ ನೀರಿನಂಥ ಆಳ ಕೊಡುತ್ತದೆ, ಆದರೆ ಬೇಗ ಹೋಗುತ್ತದೆ. ವಾರ ವಾರ ಹಚ್ಚುವ ಅಗತ್ಯವಿರಲಿಲ್ಲ. ಹಚ್ಚಿದರೆ ಹಾನಿಯೂ ಇರಲಿಲ್ಲವಾದ್ದರಿಂದ ಅವಳು ಬೇಡವೆನ್ನಲಿಲ್ಲ. ಡಬ್ಬಿ ಚಿಕ್ಕದು. ಹೀಗಾಗಿ ತಿಂಗಳಿಗೊಮ್ಮೆ ಅವರು ಬರಲೇಬೇಕಾಗುತ್ತಿತ್ತು.

ಬಂದವರು ಡಬ್ಬಿ ಕೈಗೆ ತೆಗೆದುಕೊಂಡ ಮೇಲೂ ಹೊರಡುತ್ತಿರಲಿಲ್ಲ. ಸ್ಟೂಲಿನ ಮೇಲೆ ಕೂತು ಮೇಣದ ಮಾತು ತೆಗೆಯುವರು. ಹಲ್ಲಿನ ಅಚ್ಚನ್ನು ಮೊದಲು ಮೇಣದಲ್ಲೇ ಮಾಡುವುದಂತೆ. ಬೇಸಿಗೆಯಲ್ಲಿ ಅದು ಕೈಯಲ್ಲೇ ಮೆತ್ತಗಾಗುವುದಂತೆ.

"ಬಜಾರಲ್ಲಿ ಅರ್ಧ ಜನ ನನ್ನ ನೋಡಿ ನಗ್ತಾರಮ್ಮ," ಎಂದರು ಒಮ್ಮೆ. "ನಗಲಿ ಬಿಡಿ. ನಗೋದು ನಾನು ಮಾಡಿಕೊಟ್ಟ ಹಲ್ಲಲ್ಲೇ ತಾನೇ?"

ಅವಳು ನಕ್ಕಳು. ಆ ಮೂಲೆಯಿಂದ ನಗು ಕೇಳಿ ಯಜಮಾನ ಹುಡುಗ ಗಲ್ಲಾದಿಂದ ತಲೆ ಎತ್ತಿ ನೋಡಿದ.

ಅವಳು ಒಂದು ಮಹಡಿ ಕೋಣೆಯಲ್ಲಿ ಒಬ್ಬಳೇ ಇದ್ದಳು. ತಾಯಿ ಹೋದ ಮೇಲೆ ಆ ಕೋಣೆಯಲ್ಲಿ ಮಾತು ಬೇಕಾಗುವ ಕೆಲಸ ಯಾವುದೂ ಉಳಿದಿರಲಿಲ್ಲ. ಭಾನುವಾರ ತಮ್ಮ ಫೋನು ಮಾಡುತ್ತಿದ್ದ. "ಮತ್ತೇನಕ್ಕಾ?" ಎನ್ನುವನು. "ಏನಿಲ್ಲಪ್ಪ," ಎನ್ನುವಳು. "ಸರಿ ಹಾಗಾದ್ರೆ," ಎಂದು ಅವನು ಇಡುವನು. ಬೆಲೆ ಕೇಳುವುದಕ್ಕಲ್ಲದೆ, ವಿಚಾರಿಸಬೇಕಲ್ಲ ಎಂದೂ ಅಲ್ಲದೆ, ಅವಳ ಜೊತೆ ಮಾತಾಡುತ್ತಿದ್ದವರು ಹಲ್ಲಿನ ಯಜಮಾನರೊಬ್ಬರೇ. ತಿಂಗಳ ಕೊನೆಯಾಗುತ್ತಿದ್ದಂತೆ ಅವಳು ಕೌಂಟರಿನ ಕೆಳಗೆ ಒಂದು ಹಳದಿ ಡಬ್ಬಿ ತೆಗೆದಿಡುತ್ತಿದ್ದಳು. ಅಂಗಡಿಯಲ್ಲಿ ಅದಕ್ಕೆ ಎಂದೂ ಕೊರತೆ ಬಿದ್ದದ್ದಿಲ್ಲ. ಆದರೂ ತೆಗೆದಿಡುತ್ತಿದ್ದಳು.

ಒಂದು ಸಲ ಅವರು ಬಂದವರೇ ಕೂರದೆ ನಿಂತೇ ಹೇಳಿದರು, "ಶೆಡ್ಡು ಹೋಯ್ತಮ್ಮ. ಮನೆ ಓನರ್ ಅದನ್ನ ಟೈಲರ್‌ಗೆ ಬಾಡಿಗೆ ಕೊಟ್ಟುಬಿಟ್ಟ. ಗಾಡಿ ಈಗ ಬೀದೀಲಿ. ಯಾಕೋ ಮಂಕಾಗಿ ಕಾಣುತ್ತೆ. ಹೊರಗೆ ನಿಲ್ಲಿಸಿದೀನಿ, ಸ್ವಲ್ಪ ನೋಡ್ತೀರಾ?"

ಅಷ್ಟು ತಿಂಗಳಲ್ಲಿ ಅವಳು ಆ ಕಾರನ್ನು ನೋಡಿದ್ದು ಅದೇ ಮೊದಲು. ಬಿಸಿಲಿಗೆ ಓರೆಯಾಗಿ ಬಗ್ಗಿ ನೋಡಿದಳು. ಬಾನೆಟ್ಟಿನ ತುಂಬ ಜೇಡರ ಬಲೆಯಂಥ ಸಣ್ಣ ಗೀರು, ಸುತ್ತು ಸುತ್ತು. ಅಂಗೈ ಆಡಿಸಿದಳು, ಅಂಟಂಟು. ಬೆರಳಿಗೆ ಬೂದು ಧೂಳು ಬಂತು. ಕಾರಣ ಕೇಳಬೇಕಾಗಿರಲಿಲ್ಲ. ಬಿಸಿಲಿಗೆ ಈ ಮೇಣ ಮೆತ್ತಗಾಗಿ ಬೀದಿಯ ಧೂಳನ್ನು ಹಿಡಿದುಕೊಳ್ಳುತ್ತಿತ್ತು. ಭಾನುವಾರ ಅವರು ತಿಕ್ಕುತ್ತಿದ್ದದ್ದು ಮೇಣವನ್ನಲ್ಲ, ಮರಳನ್ನು.

"ವಾರ ವಾರ ಉಜ್ಜುತ್ತಾನೇ ಇದೀನಲ್ಲಮ್ಮ, ಆದರೂ ಹೀಗೆ," ಎಂದರು ಅವರು.

ಅವಳು ಒಳಗೆ ಬಂದು ಕೌಂಟರಿನ ಹಿಂದೆ ನಿಂತಳು. ತೆಗೆದಿಟ್ಟ ಹಳದಿ ಡಬ್ಬಿ ಮೊಣಕಾಲಿನ ಪಕ್ಕದಲ್ಲೇ ಇತ್ತು. ಅದನ್ನೇ ಕೊಟ್ಟು, ಉಜ್ಜುವ ಮೊದಲು ಚೆನ್ನಾಗಿ ತೊಳೆಯಿರಿ ಎಂದಿದ್ದರೆ ಅದೂ ಪೂರಾ ಸುಳ್ಳಾಗುತ್ತಿರಲಿಲ್ಲ. ಅವರು ಮುಂದಿನ ತಿಂಗಳೂ ಬರುತ್ತಿದ್ದರು. ಕಾರಿನ ಬಣ್ಣ ಮಾತ್ರ ವರ್ಷದೊಳಗೆ ಸವೆದು ಹೋಗುತ್ತಿತ್ತು.

ಅವಳು ಮೇಲಿನ ಹಲಗೆಯಿಂದ ಬಿಳಿ ಬಾಟಲಿ ಇಳಿಸಿದಳು.

"ಹಳದಿ ಡಬ್ಬಿ ಬಿಟ್ಟುಬಿಡಿ ಯಜಮಾನ್ರೆ. ಬಿಸಿಲಲ್ಲಿ ನಿಲ್ಲೋ ಗಾಡಿಗೆ ಇದು. ಗೀರು ತೆಗೆಸಿ, ತೊಳೆದು ಒಣಗಿಸಿ, ತೆಳ್ಳಗೆ ಒಂದು ಸಲ ಹಚ್ಚಿ. ಆರು ತಿಂಗಳು ಮತ್ತೆ ಮುಟ್ಟಬೇಡಿ."

"ಆರು ತಿಂಗಳಾ?"

"ತೊಳೀರಿ, ಬೇಡ ಅನ್ನಲ್ಲ. ಉಜ್ಜಬೇಡಿ."

"ಹಾಗಾದ್ರೆ ಭಾನುವಾರ ನಾನೇನು ಮಾಡ್ಲಿ?"

"ಮಲಗಿ ನಿದ್ದೆ ಮಾಡಿ."

ಅವರು ನಕ್ಕು ಬಾಟಲಿಯನ್ನು ತಿರುಗಿಸಿ ನೋಡಿದರು. ಅಕ್ಷರ ಸಣ್ಣದಾಗಿತ್ತು, ಓದಲಾಗಲಿಲ್ಲ. "ಮೇಣ ಮುಗೀತು ಅಂತ ನನಗೆ ಗೊತ್ತಾಗೋದು ಹೇಗಮ್ಮ?"

ಅವಳು ಅವರನ್ನು ಹಿತ್ತಲಿಗೆ ಕರೆದೊಯ್ದು ಬಾನೆಟ್ಟಿನ ಮೇಲೆ ನೀರು ಚಿಮುಕಿಸಿದಳು. "ನೋಡಿ, ಇಲ್ಲಿ ಹರಡಿಕೊಳ್ತು. ಇಲ್ಲಿ ಗುಂಡಗೆ ನಿಂತಿದೆ, ಇದು ನಿಮ್ಮ ಬಾಟಲಿ. ನಿಮ್ಮ ಗಾಡಿ ಮೇಲೆ ನೀರು ಹರಡಿಕೊಂಡ್ರೆ ಬನ್ನಿ."

"ಗುಂಡಗಿದ್ರೆ?"

"ಗುಂಡಗಿದ್ರೆ ಬರೋ ಅಗತ್ಯ ಇಲ್ಲ."

ಹೇಳಿದ ಮೇಲೆ ಅದು ಹೇಗೆ ಕೇಳಿಸಿತೆಂದು ಅವಳಿಗೆ ತಿಳಿಯಿತು. ಅಂಗಡಿಗೆ ಯಾರಾದರೂ ಸುಮ್ಮನೆ ಬರುವುದುಂಟೇ? ಬನ್ನಿ ಎನ್ನಲು ಅದು ಅವಳ ಅಂಗಡಿಯೂ ಅಲ್ಲ.

"ಸರಿಯಮ್ಮ," ಎಂದು ಅವರು ಬಾಟಲಿಯನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಟರು.

ಯಜಮಾನ ಹುಡುಗ ಗಲ್ಲಾದಿಂದಲೇ ಛೇಡಿಸಿದ. "ಏನಕ್ಕಾ, ತಿಂಗಳ ಗಿರಾಕೀನ ಕೈಯಾರೆ ಓಡಿಸಿಬಿಟ್ರಲ್ಲ! ನೀವು ಹೀಗೇ ವ್ಯಾಪಾರ ಮಾಡಿದ್ರೆ ನಾನು ಅಂಗಡಿಗೆ ಬೀಗ ಹಾಕಬೇಕಾಗುತ್ತೆ."

"ನಿನ್ನ ಬೀಗಕ್ಕೂ ತುಕ್ಕು ಹಿಡಿದಿದೆ ಕಣಪ್ಪ. ಮೊದಲು ಅದಕ್ಕೆ ಎಣ್ಣೆ ಬಿಡು," ಎಂದಳು. ಹಳದಿ ಡಬ್ಬಿಯನ್ನು ಎತ್ತಿ ಹಲಗೆಯ ಮೇಲೆ ಉಳಿದ ಡಬ್ಬಿಗಳ ಸಾಲಿಗೆ ಸೇರಿಸಿದಳು.

ತಿಂಗಳ ಕೊನೆ ಬಂತು, ಹೋಯಿತು. ಹಾಗೆಯೇ ಮತ್ತೊಂದು. ಸ್ಟೂಲಿನ ಮೇಲೆ ಯಾರೋ ರಟ್ಟಿನ ಪೆಟ್ಟಿಗೆ ಇಟ್ಟರು. ಅದು ಅಲ್ಲೇ ಉಳಿಯಿತು. ಬೆಳಿಗ್ಗೆ ಬಾನೆಟ್ಟಿಗೆ ನೀರು ಚಿಮುಕಿಸುವಾಗ ಅವಳ ಕಣ್ಣು ಮೊದಲು ಬಿಳಿ ಬಾಟಲಿಯ ಚೌಕಕ್ಕೆ ಹೋಗುತ್ತಿತ್ತು. ಹಳದಿ ಡಬ್ಬಿಯದು ಎಂದೋ ಹೋಗಿತ್ತು. ಇದರ ಮೇಲೆ ಹನಿಗಳು ಅಲುಗದೆ ನಿಂತಿದ್ದವು.

ಆರು ತಿಂಗಳು ತುಂಬಿದ ಮೇಲೆ ಒಂದು ಸಂಜೆ ಅಂಗಡಿ ಬಿಡುವ ಹೊತ್ತಿಗೆ ಮಳೆ ಬಂತು. ಅವಳು ತನ್ನ ನಿಲ್ದಾಣಕ್ಕೆ ಮೊದಲೇ, ಅಂಚೆ ಕಚೇರಿಯ ಬಳಿ ಬಸ್ಸಿಳಿದಳು. ಹಲ್ಲಿನ ಯಜಮಾನರ ಬೀದಿ ಅದರ ಹಿಂದೆ ಎಂದು ಅವರ ಮಾತಿನಲ್ಲೇ ಹಿಂದೆಂದೋ ಕೇಳಿದ್ದಳು. ಟೈಲರ್ ಅಂಗಡಿಯೇ ಗುರುತು. ಕಡುನೀಲಿ ಕಾರು ಅದರ ಮುಂದೆ ನಿಂತಿತ್ತು.

ಗೀರುಗಳು ಹೋಗಿದ್ದವು. ಛತ್ರಿ ಓರೆ ಮಾಡಿ ಬಗ್ಗಿ ನೋಡಿದಳು. ಬಾನೆಟ್ಟಿನ ಮೇಲೆ, ಛಾವಣಿಯ ಮೇಲೆ, ಬಾಗಿಲಿನ ಅಂಚಿನಲ್ಲೂ ನೀರು ಗುಂಡಗಿತ್ತು. ಡಿಕ್ಕಿಯ ಕಡೆಗೂ ಸುತ್ತಿ ಬಂದು ನೋಡಿದಳು. ಅಂಗೈಯಗಲ ಜಾಗದಲ್ಲೂ ಹನಿ ಒಡೆದಿರಲಿಲ್ಲ. ಹೇಳಿದಂತೆಯೇ ಹಚ್ಚಿದ್ದರು, ತೆಳ್ಳಗೆ, ಒಂದೇ ಸಮನಾಗಿ. ಎಷ್ಟೆಂದರೂ ಹಲ್ಲು ಮಾಡಿದ ಕೈ.

ಮೇಲಿನ ಕಿಟಕಿಯಲ್ಲಿ ದೀಪವಿತ್ತು. ಕುರ್ಚಿಯ ಬೆನ್ನು ಮತ್ತು ಅದಕ್ಕೆ ಒರಗಿದ ಒಂದು ತಲೆ ಕಾಣುತ್ತಿದ್ದವು. ತಲೆ ಈ ಕಡೆ ತಿರುಗಲಿಲ್ಲ. ಮೆಟ್ಟಿಲು ಟೈಲರ್ ಅಂಗಡಿಯ ಪಕ್ಕದಲ್ಲೇ ಇತ್ತು. ಹತ್ತಿ ಹೋಗಿ ಬಾಗಿಲು ತಟ್ಟಿದರೆ, ಏನಮ್ಮ, ಏನು ಸಮಾಚಾರ ಎನ್ನುತ್ತಿದ್ದರು. ಕೆಲಸವಿಲ್ಲದೆ ಒಬ್ಬರ ಮನೆಗೆ ಹೋಗಿ ಅವಳಿಗೆ ಗೊತ್ತಿರಲಿಲ್ಲ. ಕೆಲಸವಿಲ್ಲದೆ ಅಂಗಡಿಗೆ ಬಂದು ಅವರಿಗೂ ಗೊತ್ತಿರಲಿಲ್ಲ.

ಟೈಲರ್ ಹೊಲಿಗೆ ನಿಲ್ಲಿಸಿ ಕೇಳಿದ, "ಯಾರು ಬೇಕಾಗಿತ್ತಮ್ಮಾ?"

"ಯಾರೂ ಇಲ್ಲ. ಮಳೆ ಅಂತ ನಿಂತೆ," ಎಂದಳು ಅವಳು, ಛತ್ರಿ ಹಿಡಿದುಕೊಂಡೇ. ಉಳಿದ ದಾರಿಯನ್ನು ನಡೆದೇ ಹೋದಳು.

ಮರುದಿನ ಬೆಳಿಗ್ಗೆ ಬಂದ ಮೊದಲ ಗಿರಾಕಿಗೆ, ಗಾಡಿ ರಾತ್ರಿ ಎಲ್ಲಿ ಮಲಗುತ್ತೆ ಎಂದು ಕೇಳಿದಳು. ಬೀದಿಯಲ್ಲಿ ಎಂದ ಅವನು. ಬಿಳಿ ಬಾಟಲಿ ಇಳಿಸಿಕೊಟ್ಟಳು.

"ಇದು ನಿಜವಾಗ್ಲೂ ಆರು ತಿಂಗಳು ಬರುತ್ತಾ? ಸುಮ್ನೆ ಹಾಗೆ ಬರೆದಿರ್ತಾರಾ?"

"ಬರುತ್ತಪ್ಪ," ಎಂದಳು ಮೇಣದಕ್ಕ. "ನಾನೇ ನೋಡಿದೀನಿ."