ಮೀಸೆಮೀನಿಗೆ ಮೆತ್ತನೆಯ ಹಾಸಿಗೆ

ಮೈಲಾರದ ಬಳಿ ತುಂಗಭದ್ರೆಯ ದಡದಲ್ಲಿ ಇನ್ನೂ ನಸುಕು. ಸುಂಕಪ್ಪ ಮೊಣಕಾಲುದ್ದ ನೀರಿನಲ್ಲಿ ನಿಂತು, ಹಿಟ್ಟಿನ ಸಾಣಿಗೆಯಲ್ಲಿ ಮರಳು ಸೋಸುತ್ತಿದ್ದಾರೆ. ಚಿಟಿಕೆಯಷ್ಟನ್ನು ಕೆಳದುಟಿಗೆ ಉಜ್ಜಿ ನೋಡಿ, ಮತ್ತೆ ಸೋಸುತ್ತಾರೆ.

“ನನ್ನ ತುಟಿಗೆ ಚುಚ್ಚಿದ್ದು ಮೀನಿನ ಮೀಸಿಗೂ ಚುಚ್ಚತೈತ್ರಿ.”

ಕುರಿ ಹೊಡೆದುಕೊಂಡು ಹೊರಟ ಗೆಳೆಯ ಪಾಲಾಕ್ಷಪ್ಪ ದಡದಿಂದಲೇ ಕೆಣಕುತ್ತಾರೆ: “ಬೊಗಸಿ ಮರಳಾಗ ಗುಬ್ಬಿಗೆ ಮನಿ ಕಟ್ಟಸ್ತಿಯೇನಲೇ ಸುಂಕಾ?”

“ಮೀನಿಗೆ ಹಾಸಿಗಿ ಹಾಸ್ತೀನಲೇ.”

ಹರಿಗೋಲು, ಬಲೆ ಇವರ ಹಳೆಯ ಬದುಕು. ಭುಜ ಕೈಕೊಟ್ಟ ಮೇಲೆ ಹಡಗಲಿ, ಹಗರಿಬೊಮ್ಮನಹಳ್ಳಿಯ ಮನೆಗಳಲ್ಲಿ ಮೀನಿನ ಗಾಜಿನ ತೊಟ್ಟಿ ತೊಳೆದು ಬದುಕುತ್ತಿದ್ದಾರೆ. ಅವರ ಅಕ್ಕರೆಯೆಲ್ಲ ಬೆರಳುದ್ದದ ಮೀಸೆಮೀನುಗಳ ಮೇಲೆ. ಯಾರ ತಂಟೆಗೂ ಹೋಗದ ಬಡಪ್ರಾಣಿಗಳು. ಗುಂಪುಗೂಡಿ, ತಳದ ಮರಳನ್ನು ಮೀಸೆಯಿಂದ ತಡವುತ್ತ ಆಹಾರ ಹುಡುಕುತ್ತವೆ. “ಕಸಾ ತಿಂದು ಬದುಕತಾವ ಅಂತ ಜನ ಉಪಾಸ ಕೆಡವತಾರ್ರಿ. ಅವಕ್ಕೂ ಹೊಟ್ಟಿ ಐತಿ.”

ಇಂದಿನ ಮರಳು ಹಡಗಲಿಯ ಗೀತಮ್ಮನವರ ಮನೆಗೆ. ಕಾರ್ತಿಕದಲ್ಲಿ ತೀರಿಕೊಂಡ ಯಜಮಾನರು ಸಾಕಿದ ನಾಲ್ಕು ಮೀಸೆಮೀನುಗಳು ಅಲ್ಲಿವೆ. ತೊಟ್ಟಿ ಚೆಂದ ಕಾಣಲೆಂದು ಆಕೆಯೇ ಬಣ್ಣದ ಹರಳು ಕಲ್ಲು ಹಾಸಿದ್ದರು. ಅದರ ಅಂಚಿಗೆ ತಾಗಿ ಮೀಸೆಗಳು ಸವೆದುಹೋಗಿವೆ. ಒಂದು ಮೀನಂತೂ ತಿನ್ನುವುದನ್ನೇ ಬಿಟ್ಟು ಮೂಲೆ ಹಿಡಿದಿದೆ.

“ಅವರು ಸಾಕಿದ್ದು, ನನ್ನ ಕೈಯಾಗ ಸಾಯಬಾರದ್ರಿ,” ಎನ್ನುವಾಗ ಗೀತಮ್ಮನ ಸೆರಗು ಬಾಯಿಗೆ ಹೋಗುತ್ತದೆ.

ಸುಂಕಪ್ಪ ಆಕೆಯನ್ನು ದೂರುವುದಿಲ್ಲ. ಕಲ್ಲುಗಳನ್ನು ಒಂದೊಂದಾಗಿ ಎತ್ತಿ, ಸ್ವಲ್ಪ ನೀರು ಬದಲಿಸಿ, ಮರಳನ್ನು ಅಂಗೈಯಿಂದ ಮೆಲ್ಲಗೆ ಹಾಸುತ್ತಾರೆ. “ಮೀಸಿ ಮತ್ತ ಚಿಗರತೈತಿ ತಾಯಿ. ಕೆಳಗ ಮೆತ್ತಗಿರಬೇಕು, ಅಷ್ಟ.”

ಕಲಕಿದ ನೀರು ತಿಳಿಯಾಗುತ್ತದೆ. ತಳಕ್ಕಿಳಿದ ಆಹಾರದ ಗುಳಿಗೆಯನ್ನು ಮೂರು ಮೀನುಗಳು ಮುತ್ತುತ್ತವೆ. ನಾಲ್ಕನೆಯದು ಅಲುಗುವುದಿಲ್ಲ. ಸುಂಕಪ್ಪ ಏಳುವುದಿಲ್ಲ, ಬಾಯಲ್ಲಿ ಮೈಲಾರಲಿಂಗನ “ಏಳುಕೋಟಿ, ಏಳುಕೋಟಿ” ಮಾತ್ರ. ಕೊಟ್ಟ ಚಹಾ ಆರಿ ಕೆನೆಗಟ್ಟುತ್ತದೆ. ಕೊನೆಗೆ ಆ ಮೀನೂ ಮೂಲೆಯಿಂದ ಸರಿದು ಬಂದು ಮೂತಿಯನ್ನು ಮರಳಿಗೆ ಊರುತ್ತದೆ. ಕಿವಿರಿನಿಂದ ಸಣ್ಣಗೆ ಮರಳು ಉದುರುತ್ತದೆ.

ಗೀತಮ್ಮ ಎದ್ದುಹೋಗಿ, ಯಜಮಾನರು ಹೋದಂದಿನಿಂದ ಆರಿಸಿಟ್ಟಿದ್ದ ತೊಟ್ಟಿಯ ದೀಪ ಹಚ್ಚುತ್ತಾರೆ. ಬಣ್ಣದ ಕಲ್ಲುಗಳನ್ನು ತುಳಸಿಕಟ್ಟೆಯ ಸುತ್ತ ಜೋಡಿಸಿ ಸುಂಕಪ್ಪ ಹೊರಡುತ್ತಾರೆ. ಇನ್ನೇನು ಆಸೆಯಿದೆ ಎಂದು ಕೇಳಿದರೆ, ತುಟಿಗಂಟಿದ ಮರಳನ್ನು ಒರೆಸಿಕೊಳ್ಳುತ್ತಾರೆ.

“ಬಲಿ ಬೀಸಿ ಹಿಡದ ಮೀನಿಗೆ ಲೆಕ್ಕಿಲ್ರಿ. ಹೋಗೂದ್ರಾಗ ಇಂಥಾವು ಒಂದಿಷ್ಟು ಉಳಿಸಿ ಹೋಗಬೇಕು.”