ಸೋಸುವ ಬಟ್ಟೆ

ಆ ಆಸ್ಪತ್ರೆಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರೇ ಇಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವರವರೆಗೆ ಎಲ್ಲರಿಗೂ ಆಕೆ ಮಿಕ್ಸಿ ಅಕ್ಕ. ಬಾಯಲ್ಲಿ ಉಣ್ಣಲಾಗದೆ ಮೂಗಿನ ನಳಿಕೆಯಲ್ಲಿ ಊಟ ಇಳಿಸಿಕೊಳ್ಳುವ ರೋಗಿಗಳಿಗೆ ಬೇಳೆ, ಮೊಟ್ಟೆ, ತರಕಾರಿ ಬೇಯಿಸಿ, ಹಾಲಿನ ಪುಡಿ ಸೇರಿಸಿ ನುಣ್ಣಗೆ ರುಬ್ಬಿ, ಜರಡಿ ಹಿಡಿದು, ಮೂರು ಗಂಟೆಗೊಮ್ಮೆ ಇನ್ನೂರು ಮಿಲಿಯಂತೆ ಬಾಟಲಿ ತುಂಬಿ ಕಳಿಸುವುದು ಆಕೆಯ ಕೆಲಸ.

"ಉಪ್ಪು ಜಾಸ್ತಿ, ಹುಳಿ ಕಡಿಮೆ ಅಂತ ನನ್ನ ಅಡುಗೆಗೆ ಇವತ್ತಿನವರೆಗೂ ಒಬ್ಬರು ಹೆಸರಿಟ್ಟಿಲ್ಲ ನೋಡಿ!" ಎಂದು ತಾನೇ ನಗುತ್ತಿದ್ದಳು.

ಆ ನಗು ನಿಂತದ್ದು ಏಳನೇ ಮಂಚದ ದರ್ಜಿಯಿಂದ.

ಹೊಟ್ಟೆಯ ಆಪರೇಷನ್ ಆಗಿ ಮಲಗಿದ್ದವನು. ಒಂದು ದಿನ ಅವನ ನಳಿಕೆ ಕಟ್ಟಿಕೊಂಡಿತು. ಅದನ್ನು ಎಳೆದು ಹೊಸದನ್ನು ತೂರಿಸುವಾಗ, ಖಾಲಿ ಬಾಟಲಿ ಒಯ್ಯಲು ಬಂದಿದ್ದ ಅಕ್ಕ ಬಾಗಿಲಲ್ಲೇ ನಿಂತಳು. ಅವನ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು.

"ಏನಕ್ಕಾ, ಊಟ ಕಳ್ಸಿದ್ದಾ, ಸಿಮೆಂಟ್ ಕಳ್ಸಿದ್ದಾ?" ನರ್ಸ್ ರೇಗಿದಳು.

ಮರುದಿನದಿಂದ ಅಕ್ಕ ದರ್ಜಿಯ ಪಾಲನ್ನು ಜರಡಿ ಹಿಡಿದ ಮೇಲೆ ಬಟ್ಟೆಯಲ್ಲೂ ಹಿಂಡಿ ಸೋಸಿದಳು. ಕಡಿಮೆ ಬಿದ್ದಷ್ಟಕ್ಕೆ ಕಾಯಿಸಿ ಆರಿಸಿದ ನೀರು ಬೆರೆಸಿ ಇನ್ನೂರರ ಗೆರೆ ಮುಟ್ಟಿಸಿದಳು. ನಳಿಕೆ ಮತ್ತೆ ಕಟ್ಟಲಿಲ್ಲ. ಒಳ್ಳೆಯ ಉಪಾಯ ಹೂಡಿದೆ ಎಂದುಕೊಂಡಳು.

ದರ್ಜಿಯ ಹೆಂಡತಿ ದಿನಾ ಅಡುಗೆಮನೆಯ ಕಿಟಕಿಗೆ ಬರುತ್ತಿದ್ದಳು. "ಅಕ್ಕಾ, ಗಾಯ ಇನ್ನೂ ಕೂಡ್ಕೊಂಡಿಲ್ವಂತೆ. ಮೈಯಲ್ಲಿ ಶಕ್ತಿ ಸಾಲ್ದು ಅಂತಾರೆ."

"ಹೆದರ್ಬೇಡ ತಂಗಿ. ನಿನ್ನ ಯಜಮಾನ್ರ ಊಟ ನಾನೇ ಕೈಯಾರೆ ಮಾಡ್ತಿದ್ದೀನಿ."

ಮೂರನೇ ವಾರ, ರೋಗಿಗಳ ಊಟದ ಲೆಕ್ಕ ಬರೆದುಕೊಡುವ ಪಥ್ಯದ ಮೇಡಂ ತೂಕದ ಚೀಟಿ ಹಿಡಿದು ನೇರ ಅಡುಗೆಮನೆಗೇ ಬಂದಳು. ಚಿಕ್ಕ ವಯಸ್ಸಿನವಳು. ಬರೆದುಕೊಟ್ಟಷ್ಟು ಊಟ ಹೋಗುತ್ತಿದ್ದರೂ ದರ್ಜಿ ದಿನೇ ದಿನೇ ಕರಗುವುದೇಕೆ ಎಂದು ಅವಳಿಗೆ ತಿಳಿದಿರಲಿಲ್ಲ. ಪಕ್ಕದಲ್ಲಿ ನಿಂತು ಎಲ್ಲ ನೋಡಿದಳು. ಬಟ್ಟೆಯನ್ನು ಬಕೆಟ್ಟಿಗೆ ಕೊಡವಹೊರಟ ಅಕ್ಕನ ಮಣಿಕಟ್ಟು ಹಿಡಿದಳು.

"ಇದೆಲ್ಲಿಗಕ್ಕಾ?"

"ಚರಟ ಅಲ್ವಾ ಮೇಡಂ, ಎಸೆಯೋದು."

"ಬೇಳೆ, ಮೊಟ್ಟೆ ಎಲ್ಲ ಇದರಲ್ಲೇ ಉಳ್ಕೊಂಡಿದ್ಯಲ್ಲಕ್ಕಾ. ಗಾಯ ಮಾಯೋಕೆ ಅವರಿಗೆ ಬೇಕಾಗಿದ್ದು ಇದೇ."

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಂದಿನಿಂದ ಊಟ ಸರಿಯಾಯಿತು. ಪ್ರತಿ ಊಟವಾದ ಮೇಲೆ ನೀರು ಹಾಯಿಸಿ ನಳಿಕೆ ತೊಳೆಯಬೇಕೆಂದು ನರ್ಸುಗಳಿಗೂ ಖಡಕ್ಕಾಗಿ ಹೇಳಿದ್ದಾಯಿತು. ಆದರೆ ಅಷ್ಟರಲ್ಲಿ ದರ್ಜಿಯ ಗಾಯ ಬಿಚ್ಚಿಕೊಂಡು ಎರಡನೇ ಆಪರೇಷನ್ ಬೇಕಾಯಿತು. ಬದುಕಿದ. ಮನೆಗೆ ಹೋಗಲು ಮತ್ತೆರಡು ತಿಂಗಳು ಹಿಡಿಯಿತು.

ವರ್ಷದ ಮೇಲೆ ಅವನ ಹೆಂಡತಿ ಅದೇ ಕಿಟಕಿಗೆ ಬಂದು ಒಂದು ಪೊಟ್ಟಣ ಚಾಚಿದಳು. ಒಳಗೆ ಹೊಸ ಬಿಳಿ ಬಟ್ಟೆ, ನಾಲ್ಕೂ ಅಂಚಿಗೆ ಸಣ್ಣ ಹೊಲಿಗೆ.

"ನಿಮ್ಮ ಸೋಸೋ ಬಟ್ಟೆ ಹಳೇದಾಗಿತ್ತಲ್ಲಕ್ಕಾ, ಆಗ್ಲೇ ನೋಡಿದ್ದೆ. ಇವರಿಗೆ ಮಿಷನ್ ತುಳಿಯೋಕಾಗಲ್ಲ ಈಗ. ಕೈಯಲ್ಲೇ ಹೊಲ್ದಿದ್ದಾರೆ."

"ತಂಗೀ, ನಿನಗೊಂದು ಮಾತು ಹೇಳ್ಬೇಕಿತ್ತು…"

"ಏನೂ ಹೇಳ್ಬೇಡಿ. ನಿಮ್ಮ ಕೈಯೂಟದಿಂದ್ಲೇ ಅವರು ಉಳಿದಿದ್ದು."

ಅಕ್ಕ ಪೊಟ್ಟಣ ತೆಗೆದುಕೊಂಡಳು.

ನಿವೃತ್ತಿಯಾದ ಮೇಲೆ ಎರಡು ಸಲ ಆ ಬಟ್ಟೆಯನ್ನು ಚೀಲದಲ್ಲಿಟ್ಟುಕೊಂಡು ದರ್ಜಿಯ ಬೀದಿಗೆ ಹೋಗಿದ್ದಾಳೆ. ಎರಡು ಸಲವೂ ಅವನು ಹೊಸ್ತಿಲ ಬಳಿ ಕೂತು ಗುಂಡಿ ಹೊಲಿಯುತ್ತಿದ್ದುದನ್ನು ದೂರದಿಂದ ಕಂಡು, ಬಂದ ದಾರಿಯಲ್ಲೇ ತಿರುಗಿದ್ದಾಳೆ.